ಹಾಲಿನ ಕುದುರೆಯ ಮೆರವಣಿಗೆ

ಶನಿವಾರ ಸಂಜೆ ನಾಲ್ಕಕ್ಕೆ ಮೆರವಣಿಗೆಯಲ್ಲಿ ಬಂದು ಮನೆ ಖಾಲಿ ಮಾಡಲು ಗಡುವು ಕೊಡುತ್ತೇವೆ ಎಂದು, ಕಪ್ಪು ಜನರನ್ನು ಕಂಡರಾಗದ ಬಿಳಿಯರ ಸಂಘವಾದ ಕ್ಲಾನಿನವರು ಊರಿನ ಪತ್ರಿಕೆಯಲ್ಲೇ ಹಾಕಿಸಿದ್ದರು. ಹೆಸರು ಹಾಕಿರಲಿಲ್ಲ. ‘ಮೇಪಲ್ ಬೀದಿಯ ಕೊನೆಯ ಮನೆ’ ಎಂದಷ್ಟೇ ಇತ್ತು. ಇಂಡಿಯಾನಾದ ಆ ಪುಟ್ಟ ಊರಿನಲ್ಲಿ ಬಿಳಿಯರ ಬೀದಿಯಲ್ಲಿ ಮನೆ ಕೊಂಡ ಕಪ್ಪು ಹೆಂಗಸು ಒಬ್ಬಳೇ: ಒಡೆಸಾ ಟಾರ್ಪ್ಲಿ. ಹನ್ನೆರಡು ವರ್ಷ ಸೇಬಿನ ಹೂರಣದ ಪೈ ಮಾಡಿ ಮಾರಿ ಆಕೆ ಕೊಂಡ ಮನೆ ಅದು.

“ಅಕ್ಕಾ, ಟ್ರಂಕ್ ಕಟ್ಟಾಯ್ತು. ಹಿತ್ತಲ ಬಾಗಿಲಿಂದ ಹೋಗ್ಬಿಡೋಣ ಬಾ,” ಎಂದ ತಮ್ಮ ಸೈರಸ್.

“ಒಲೇಲಿ ಆರು ಪೈ ಇದೆ ಕಣೋ.”

“ಪ್ರಾಣ ಹೋದ್ಮೇಲೆ ಪೈ ಯಾರಿಗೆ?”

“ನನ್ನ ಮಣ್ಣು ಮಾಡಕ್ಕೆ ಬಂದೋರಿಗೆ. ಹಸ್ಕೊಂಡು ಹೋಗ್ತಾರಾ ಅವ್ರು?”

ಸೈರಸ್ ನಗಲಿಲ್ಲ. ಒಡೆಸಾ ಇನ್ನೊಂದು ಸೇಬು ಎತ್ತಿಕೊಂಡಳು. ಸೇಬಿನ ಸಿಪ್ಪೆ ಉದ್ದಕ್ಕೆ ಬರದೆ ತುಂಡುತುಂಡಾಗಿ ಬೀಳುತ್ತಿತ್ತು.

ಕ್ಲಾನಿನ ಕತೆ ಆಕೆಗೆ ಅಜ್ಜಿಯ ಬಾಯಿಂದಲೇ ಗೊತ್ತು. ಗುಲಾಮರು ಬಿಡುಗಡೆಯಾದ ಹೊಸತರಲ್ಲಿ, ಟೆನೆಸ್ಸಿಯಲ್ಲಿ, ಬಿಳಿ ಬಟ್ಟೆ ಹೊದ್ದವರು ಕುದುರೆಯ ಮೇಲೆ ಬಂದು ತಾವು ಯುದ್ಧದಲ್ಲಿ ಸತ್ತ ಸೈನಿಕರ ದೆವ್ವಗಳೆಂದು ಹೇಳಿ ನೀರು ಕೇಳುತ್ತಿದ್ದರಂತೆ. ಒಂದು ಬಕೆಟ್ ನೀರು ಒಂದೇ ಗುಟುಕಿಗೆ! ನೀರು ಹೋಗುತ್ತಿದ್ದುದು ನಿಲುವಂಗಿಯೊಳಗಿನ ತೊಗಲಿನ ಚೀಲಕ್ಕೆ; ಅದೂ ಸೋರುತ್ತಿತ್ತು. “ದೆವ್ವದ ಬೂಟು ಒದ್ದೆ ಆಗೋದು ನಾನು ನೋಡಿದ್ದು ಅವತ್ತೇ,” ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮರುವಾರ ಅದೇ ಬೂಟಿನವರು ಅವಳ ಅಣ್ಣನ ಮನೆ ಸುಟ್ಟರು. ಅದನ್ನೂ ಅಜ್ಜಿ ಬಿಡದೆ ಹೇಳುತ್ತಿದ್ದಳು. ಆಮೇಲೆ ಸರ್ಕಾರ ಅವರನ್ನು ಹತ್ತಿಕ್ಕಿತು. ನಲವತ್ತು ವರ್ಷ ಕಳೆದು ಮತ್ತೆ ಎದ್ದರು. ಈಗ ಅವರಿಗೆ ಕ್ಯಾಥೊಲಿಕರೂ ಯಹೂದಿಗಳೂ ಆಗುವುದಿಲ್ಲ. ಚಂದಾ ಕಟ್ಟಿದರೆ ನಿಲುವಂಗಿ ಅಂಚೆಯಲ್ಲಿ ಬರುತ್ತದೆ.

ಊರಿನ ಕ್ಲಾನಿಗೆ ನಾಯಕ ಪೀಠೋಪಕರಣದ ಅಂಗಡಿಯ ಹಾರ್ಲನ್ ಪೀಕ್. ಮೆರವಣಿಗೆಯ ಮುಂದೆ ತಾನು ಬಿಳಿ ಕುದುರೆಯ ಮೇಲೇ ಕೂರಬೇಕೆಂದು ಅವನ ಹಟ. ಊರವರೆಲ್ಲ ಕಾರು ಕೊಂಡಿದ್ದರು. ಉಳಿದಿದ್ದ ಬಿಳಿ ಕುದುರೆ ಒಂದೇ, ಎಲ್ವಿನ್ ಗ್ರೂಬ್‌ನ ಹಾಲಿನ ಗಾಡಿಯ ಪರ್ಲ್.

ನಾಲ್ಕು ಹೊಡೆಯಿತು. ಕೆಳಗೆ ಬೀದಿಯ ತುದಿಯಲ್ಲಿ ನಗಾರಿ ಕೇಳಿಸಿತು. ಎಪ್ಪತ್ತು ಎಂಬತ್ತು ಬಿಳಿ ಮುಸುಕುಗಳು. ಒಡೆಸಾ ಜಗಲಿಯಲ್ಲಿ ಕಂಬ ಹಿಡಿದು ನಿಂತಳು.

ಮೊದಲ ಮನೆಯ ಮುಂದೆ ಪರ್ಲ್ ನಿಂತಿತು.

ನಾಯಕ ಹಿಮ್ಮಡಿಯಿಂದ ತಿವಿದ. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಲಗಾಮು ಹಿಡಿದಿದ್ದ ಮುಸುಕುಧಾರಿ ಅತ್ತಿತ್ತ ನೋಡಿದ. ಹನ್ನೊಂದು ವರ್ಷದ ಅಭ್ಯಾಸ ಅದು. ಯಜಮಾನ ಜಗಲಿಗೆ ಹೋಗಿ, ಖಾಲಿ ಬಾಟಲಿ ಟಣ್ ಅನ್ನಿಸುತ್ತ ವಾಪಸು ಬರುವವರೆಗೆ ಪರ್ಲ್ ಕದಲುವುದಿಲ್ಲ. ಬೇರೆ ದಾರಿ ಕಾಣದೆ ಆ ಮುಸುಕುಧಾರಿ ಜಗಲಿ ಹತ್ತಿದ.

“ಬೆಳಿಗ್ಗೆ ಬಂದಿದ್ಯಲ್ಲೋ ಎಲ್ವಿನ್!” ಎಂದಳು ಮನೆಯೊಡತಿ.

“ನಾನು ಎಲ್ವಿನ್ ಅಲ್ಲ.”

“ಸರಿಯಪ್ಪ, ಅಲ್ಲ. ತಗೋ ಬಾಟ್ಲಿ.”

ಎರಡನೇ ಮನೆ. ಮೂರನೆಯದು. ಒಂದನ್ನೂ ಪರ್ಲ್ ಬಿಡಲಿಲ್ಲ. ಜನ ಹೊರಗೆ ಬಂದು ನಿಂತರು. “ಬೆಣ್ಣೆ ಯಾವಾಗ ತರ್ತೀರಾ, ದೆವ್ವದೋರೇ?” ಎಂದು ಯಾರೋ ಕೂಗಿದರು. ಹೇಗೂ ಬಂದಿದ್ದಾನಲ್ಲ ಎಂದು ಹೆಂಗಸರು ಇದ್ದಬದ್ದ ಬಾಟಲಿಗಳನ್ನೆಲ್ಲ ಕೊಟ್ಟರು. ಎಲ್ವಿನ್‌ನ ಕೈ ತುಂಬಿತು, ಹಿಂದಿನ ಸಾಲಿನವರ ಕೈಯೂ ತುಂಬಿತು. ನಗಾರಿಯವನು ತಾಳ ತಪ್ಪಿ ಸುಮ್ಮನಾದ. ಬಾಟಲಿಗಳದ್ದಷ್ಟೇ ಸದ್ದು.

ಸೈರಸ್ ಬಾಗಿಲಿಂದ ಇಣುಕಿದ. “ಏನಕ್ಕಾ ಇದು?”

“ಸುಮ್ನಿರು,” ಎಂದು ಒಡೆಸಾ ಒಳಗೆ ಓಡಿ, ಸಿಪ್ಪೆಯ ಬಟ್ಟಲನ್ನೂ ಎರಡು ಖಾಲಿ ಬಾಟಲಿಗಳನ್ನೂ ತಂದಳು. ಹಾಲಿನ ಸರದಿಯಲ್ಲಿ ಅವಳದು ಕೊನೆಯ ಮನೆ. ಅದು ಮುಗಿದರೆ ಪರ್ಲ್‌ಗೆ ಲಾಯ, ಓಟ್ಸ್.

ಪರ್ಲ್ ಬಂದು ನಿಂತು, ಬಟ್ಟಲಿಗೆ ಮೂತಿ ಇಟ್ಟಿತು. ಮೇಲಿನಿಂದ ಪೀಕ್ ಕಾಗದ ಬಿಡಿಸಿ ಗಂಟಲು ಸರಿಮಾಡಿಕೊಂಡ. ಪ್ರತಿ ಭಾನುವಾರ ಒಡೆಸಾಳ ಎರಡು ಪೈ ಕೊಂಡು ನುಂಗುವ ಗಂಟಲು.

“ಈ ಮನೆಯ ಹೆಂಗಸೇ! ಸೋಮವಾರದೊಳಗೆ ನೀನು...”

ಒಡೆಸಾ ಅವನನ್ನು ನೋಡಲಿಲ್ಲ. ಮೆಟ್ಟಿಲಿಳಿದು ಬಾಟಲಿಗಳನ್ನು ಮುಂದೆ ಹಿಡಿದಳು. “ತಗೊಳ್ಳಿ, ಮಿಸ್ಟರ್ ಗ್ರೂಬ್.”

ಕೈ ತುಂಬಿದ್ದರೂ ಎಲ್ವಿನ್‌ನ ಬೆರಳು ತಾನಾಗಿ ಚಾಚಿತು. ಟಣ್.

ಪರ್ಲ್ ತಲೆ ಎತ್ತಿತು. ತಿರುಗಿತು. ಓಟ್ಸಿನ ಕಡೆಗೆ ಹನ್ನೊಂದು ವರ್ಷದಿಂದ ಹೋಗುವ ಹಾಗೇ, ಕುಲುಕುತ್ತ ಓಡತೊಡಗಿತು. “ನೀನು... ನಿಲ್ಲೇ! ನಿಲ್ಲೇ ಮುಂಡೇದೇ!” ಎಂಬ ಕೂಗು ಇಳಿಜಾರಿನಲ್ಲಿ ಸಣ್ಣದಾಗುತ್ತ ಹೋಯಿತು. ಕಾಗದ ಅವನ ಕೈಯಲ್ಲೇ ಪಟಪಟ ಬಡಿಯುತ್ತಿತ್ತು.

ಬೀದಿಗೆ ಬೀದಿಯೇ ನಕ್ಕಿತು. ಬಾಟಲಿ ಹಿಡಿದ ಮುಸುಕುಗಳು ಒಂದರ ಮುಖ ಒಂದು ನೋಡಿಕೊಂಡು, ಒಂದೊಂದಾಗಿ ಓಣಿಗಳಿಗೆ ಜಾರಿಕೊಂಡವು. ಎಲ್ವಿನ್ ಮಾತ್ರ ಉಳಿದ. ಸೆಕೆ ತಾಳದೆ ಮುಸುಕನ್ನು ಹಣೆಗೆ ಏರಿಸಿ, ಅಭ್ಯಾಸಬಲದಿಂದ ಕೇಳಿದ:

“ಸೋಮವಾರಕ್ಕೆ ಎಷ್ಟು ಬೇಕು, ಒಡೆಸಾ?”

“ಮಾಮೂಲಿ ನಾಲ್ಕು. ಕ್ರೀಮ್ ಒಂದು ಜಾಸ್ತಿ.”

ಅವನು ಹೋದ ಮೇಲೆ ಒಡೆಸಾ ಮೆಟ್ಟಿಲ ಮೇಲೇ ಕುಳಿತಳು. ನಗುವೂ ಬಂತು, ಅಳುವೂ ಬಂತು.

“ಅಕ್ಕಾ!” ಒಳಗಿನಿಂದ ಸೈರಸ್ ಕೂಗಿದ. “ಪೈ ಸೀದು ಹೋಗ್ತಿದೆ! ಬಿಸಿ ಹಿಡಿಯೋ ಬಟ್ಟೆ ಎಲ್ಲಿಟ್ಟಿದ್ದೀಯ?”

“ಟ್ರಂಕಲ್ಲಿ ತುಂಬಿದ್ದು ನೀನೇ ಅಲ್ವೇನೋ! ಬಿಚ್ಚು ಅದನ್ನ.”