ಆರು ವೋಲ್ಟಿನ ಓರ್ವಲ್

ಗಂಡನ ಶವಪೆಟ್ಟಿಗೆಯನ್ನು ನಾಲ್ಕು ಜನ ಹುಲ್ಲಿನ ಗಾಡಿಗೆ ಏರಿಸುತ್ತಿದ್ದರೂ ಲವೋನ್‌ಳ ಕಣ್ಣು ಗಾಡಿಯ ಮುಂದೆ ಕಟ್ಟಿದ್ದ ಕೆಂಪು ಟ್ರ್ಯಾಕ್ಟರಿನ ಮೇಲೇ ಇತ್ತು. ಅದು ಸ್ಟಾರ್ಟ್ ಆದರೆ ಸಾಕು, ಯಾರೂ ಏನನ್ನೂ ಬಿಚ್ಚಿ ನೋಡುವುದಿಲ್ಲ. ಆಗದಿದ್ದರೆ ಓರ್ವಲ್ ಹಿನ್ರಿಕ್ಸ್ ಇಂದು ಎರಡನೆಯ ಸಲ ಸಾಯುತ್ತಾನೆ.

ಐಯೊವಾದ ಆ ಊರಿನ ಹಳೇ ಟ್ರ್ಯಾಕ್ಟರು ಸಂಘದವರಲ್ಲಿ ಒಂದು ಪದ್ಧತಿಯಿತ್ತು. ಸದಸ್ಯ ತೀರಿಕೊಂಡರೆ ಅವನದೇ ಟ್ರ್ಯಾಕ್ಟರು ಅವನನ್ನು ಚರ್ಚಿನಿಂದ ಸ್ಮಶಾನಕ್ಕೆ ಎಳೆದುಕೊಂಡು ಹೋಗಬೇಕು. ಉಳಿದವರು ತಮ್ಮ ತಮ್ಮ ಟ್ರ್ಯಾಕ್ಟರಿನಲ್ಲಿ ಹಿಂಬಾಲಿಸಬೇಕು. ಹೆಣ ಹೊರಲು ಬಾಡಿಗೆ ಕಾರು ತರಿಸಿದ ಮನೆಯವರನ್ನು ಊರು ಬಹಳ ಕಾಲ ಮರೆಯುತ್ತಿರಲಿಲ್ಲ.

ಸಂಘದ ಧರ್ಮಶಾಸ್ತ್ರವನ್ನು ರೂಪಿಸಿದವನೇ ಓರ್ವಲ್. ಯಂತ್ರ ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೇ ಇರಬೇಕು. ಆರು ವೋಲ್ಟಿನ ಬ್ಯಾಟರಿ, ಅದರ ಪ್ಲಸ್ ತಂತಿ ಟ್ರ್ಯಾಕ್ಟರಿನ ಕಬ್ಬಿಣದ ಮೈಗೆ ಅರ್ತ್, ಕಿಡಿ ಹುಟ್ಟಿಸಲು ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು ಎಂಬ ಪುಟ್ಟ ಲೋಹದ ತುಣುಕುಗಳ ಜೋಡಿ. ಹನ್ನೆರಡು ವೋಲ್ಟಿಗೆ ಬದಲಾಯಿಸಿ, ಮೈನಸ್ಸನ್ನು ಅರ್ತ್ ಮಾಡಿ, ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಬಿಲ್ಲೆ ಕೂರಿಸಿದವನು ಧರ್ಮ ಬಿಟ್ಟವನು. ಹಾಗೆ ಬಿಟ್ಟವರಲ್ಲಿ ಇಬ್ಬರನ್ನು ಓರ್ವಲ್ ಸಂಘದಿಂದಲೂ ಹೊರಗಟ್ಟಿದ್ದ. ಊರು ಅವನನ್ನು ಆರು ವೋಲ್ಟಿನ ಓರ್ವಲ್ ಎಂದೇ ಕರೆಯುತ್ತಿತ್ತು.

ಆ ಓರ್ವಲ್ ಒಂದು ಚಳಿಗಾಲ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ತಾನೇ ಧರ್ಮ ಬಿಟ್ಟಿದ್ದ. ಟಾರ್ಚು ಹಿಡಿದವಳು ಲವೋನ್. ಹಳೇ ಬ್ಯಾಟರಿಯ ಕರಿ ಡಬ್ಬಿಯ ಹೊಟ್ಟೆ ಬಗೆದು, ಒಳಗೆ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ ಅಡಗಿಸಿ, ಅದರ ಮೈನಸ್ಸನ್ನು ಅರ್ತ್ ಮಾಡಿ, ಡಿಸ್ಟ್ರಿಬ್ಯೂಟರಿನಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಬಿಲ್ಲೆ ಕೂರಿಸಿ, "ಮಂಡಿ ನೋವು ಕಣೇ, ಚಳೀಲಿ ಆರು ವೋಲ್ಟು ಎಳೆಯಲ್ಲ, ಹ್ಯಾಂಡಲ್ ಹೊಡೆಯೋಕಾಗಲ್ಲ" ಎಂದಿದ್ದ. ಅಂದಿನಿಂದ ಟ್ರ್ಯಾಕ್ಟರು ಸದ್ದಿನಲ್ಲೇ ಗುಟ್ಟು ಬಿಟ್ಟುಕೊಡುತ್ತಿತ್ತು. ಆರು ವೋಲ್ಟಿನ ಸೆಲ್ಫ್ ಸ್ಟಾರ್ಟರು ಮುದುಕ ಮೆಟ್ಟಿಲು ಹತ್ತಿದ ಹಾಗೆ ನರಳುತ್ತದೆ. ಓರ್ವಲ್‌ನದು ಹುಡುಗಿ ಮೆಟ್ಟಿಲು ಇಳಿದ ಹಾಗೆ ಓಡುತ್ತಿತ್ತು. ಕೇಳಿದವರಿಗೆ ಅವನು, "ಟರ್ಮಿನಲ್ ಸ್ವಚ್ಛ ಇಟ್ಕೊಳ್ರಯ್ಯಾ" ಎನ್ನುತ್ತಿದ್ದ. ಜನ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಲವೋನ್ ಮಾತ್ರ ಪ್ರತಿ ಸಲವೂ ಅವರ ಮುಖ ಓದುತ್ತ, ಉಸಿರು ಹಿಡಿದು ನಿಂತಿರುತ್ತಿದ್ದಳು.

ಸಂಘದ ಅಧ್ಯಕ್ಷ ಮರ್ಲ್ ಟ್ಯಾಡನ್ ಸೀಟಿಗೇರಿ ಸೆಲ್ಫ್ ಒತ್ತಿದ. ಹುಡುಗಿ ಮೆಟ್ಟಿಲು ಇಳಿದಳು, ಇಳಿಯುತ್ತಲೇ ಹೋದಳು, ಬಾಗಿಲು ಮಾತ್ರ ತೆರೆಯಲಿಲ್ಲ. ಎಂಜಿನ್ ತಿರುಗಿತೇ ಹೊರತು ಒಂದು ಸಲವೂ ಕೆಮ್ಮಲಿಲ್ಲ. ಡಿಸ್ಟ್ರಿಬ್ಯೂಟರಿನ ಸಂದಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು.

"ನಿನ್ನೆ ಎಲ್ಲ ಸರಿಯಿತ್ತಲ್ಲ," ಎಂದು ಮುಂದೆ ಬಂದವನು ಡ್ವೈಟ್ ಕೋಲ್ಬೆಟ್. ನಿವೃತ್ತ ದಂತವೈದ್ಯ, ಸಂಘಕ್ಕೆ ಹೊಸಬ. ಅವನ ಟ್ರ್ಯಾಕ್ಟರು ಸ್ಟಾರ್ಟ್ ಆಗುವುದಕ್ಕಿಂತ ಟ್ರೇಲರಿನ ಮೇಲೆ ಬರುವುದೇ ಹೆಚ್ಚು. "ಇಲ್ಲಿಗೆ ತಂದು ನಿಲ್ಲಿಸಿದ ಮೇಲೆ ನಾನೇ ಬಂದು ತೊಳೆದಿದ್ದೆ. ಬ್ಯಾಟರಿ ಟರ್ಮಿನಲ್ ಎಲ್ಲ ಬಿಚ್ಚಿ, ಅಡುಗೆ ಸೋಡಾ ಹಾಕಿ ಹಲ್ಲುಜ್ಜೋ ಬ್ರಷ್ಷಿಂದ ಉಜ್ಜಿದ್ದೆ." ಅವನು ದನಿ ತಗ್ಗಿಸಿ ಲವೋನ್‌ಳ ಕಡೆ ಬಾಗಿದ. "ಪಾಪ, ಕಾಯಿಲೇಲಿ ಓರ್ವಲ್ ತಂತಿಗಳನ್ನ ಅದಲುಬದಲು ಮಾಡ್ಬಿಟ್ಟಿದ್ರು. ಮೈನಸ್ಸು ಅರ್ತ್ ಆಗಿತ್ತು. ಯಾರ ಕಣ್ಣಿಗೂ ಬೀಳೋದು ಬೇಡ ಅಂತ ಸರಿ ಮಾಡಿದೆ. ಪ್ಲಸ್ಸೇ ಅರ್ತ್, ಪುಸ್ತಕದಲ್ಲಿರೋ ಹಾಗೆ."

ಬಿಲ್ಲೆಗೆ ಮೈನಸ್ಸೇ ಅರ್ತ್ ಆಗಿರಬೇಕೆಂದು ಲವೋನ್‌ಗೆ ಗೊತ್ತಿತ್ತು. ಪುಸ್ತಕದಲ್ಲಿರುವ ಹಾಗೆ ಜೋಡಿಸಿದ್ದಕ್ಕೇ ಬಿಲ್ಲೆ ಉರಿದುಹೋಗಿತ್ತು.

ಮರ್ಲ್ ಕೆಳಗಿಳಿದು ಡಿಸ್ಟ್ರಿಬ್ಯೂಟರಿನ ಕ್ಲಿಪ್ಪಿಗೆ ಕೈ ಹಾಕಿದ. "ಬೇಡ ಮರ್ಲ್," ಎಂದಳು ಲವೋನ್. "ಬೇರೆ ಟ್ರ್ಯಾಕ್ಟರಿಗೆ ಕಟ್ಟೋಣ. ಓರ್ವಲ್ ಏನೂ ಅಂದ್ಕೊಳ್ಳಲ್ಲ."

"ಇವನಾ? ಪೆಟ್ಟಿಗೆ ಮುಚ್ಚಳ ತೆಗೆದು ಎದ್ದು ಕೂತು ಬೈತಾನೆ," ಎಂದು ಮರ್ಲ್ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಬಗ್ಗಿದ.

ಬಗ್ಗಿದವನು ಹಾಗೇ ನಿಂತ. ಅವನ ಅಗಲವಾದ ಬೆನ್ನು ಡಿಸ್ಟ್ರಿಬ್ಯೂಟರನ್ನು ಪೂರ್ತಿ ಮರೆಮಾಡಿತ್ತು.

"ಪಾಯಿಂಟು ಹೋಗಿದೆ," ಎಂದ ಮರ್ಲ್ ಕೊನೆಗೆ.

"ಎಲ್ಲಿ, ನೋಡೋಣ," ಎಂದು ಡ್ವೈಟ್ ಕನ್ನಡಕ ಏರಿಸಿದ.

"ಡಾಕ್ಟ್ರೇ, ಪಾದ್ರಿಗಳಿಗೆ ಇನ್ನೊಂದು ಹಾಡು ಹಾಡಿಸೋಕೆ ಹೇಳಿ ಬನ್ನಿ. ಉದ್ದದ್ದು."

ಡ್ವೈಟ್ ಹೋದ. ಮರ್ಲ್ ತನ್ನ ಟ್ರ್ಯಾಕ್ಟರಿನ ಸೀಟಿನಡಿಯ ಪೆಟ್ಟಿಗೆಯಿಂದ ಉಣ್ಣೆಯ ಕಾಲುಚೀಲವೊಂದನ್ನು ತಂದ. ಅದರೊಳಗಿಂದ ಕೆಂಪು ಪ್ಲಾಸ್ಟಿಕ್ಕಿನ ಬಿಲ್ಲೆ ಹೊರಬಂತು. ಲವೋನ್ ಬಿಲ್ಲೆಯನ್ನು ನೋಡಿದಳು, ಮರ್ಲ್‌ನನ್ನು ನೋಡಿದಳು.

"ನೀನೂನಾ?"

"ನಂಗೂ ಮಂಡಿ ಇದೆಯಲ್ಲ," ಎಂದ ಮರ್ಲ್, ತಲೆಯೆತ್ತದೆ.

ಅವಳು ಸುತ್ತ ಕಣ್ಣಾಡಿಸಿದಳು. ಸಂಘದ ಹಿರಿಯರೆಲ್ಲ ಒಟ್ಟಿಗೆ ಆಕಾಶ ನೋಡುತ್ತ ಮಳೆಯ ಬಗ್ಗೆ ಮಾತಾಡುತ್ತಿದ್ದರು. ಮೋಡದ ಚೂರೂ ಇರಲಿಲ್ಲ. ಅವರಲ್ಲೊಬ್ಬ, ಯಾರೂ ಕೇಳದಿದ್ದರೂ, ಸರಿಯಾದ ಅಳತೆಯ ಸ್ಪ್ಯಾನರನ್ನು ಹಿಂದಿನಿಂದ ಮರ್ಲ್‌ನ ಕೈಗೆ ದಾಟಿಸಿದ. ಇಷ್ಟು ವರ್ಷ ತಾನು ಕಾವಲು ಕಾದಿದ್ದು ಯಾವ ಕಳ್ಳರಿಂದ ಎಂದು ಅವಳಿಗೆ ತಿಳಿಯಲಿಲ್ಲ.

ಮರ್ಲ್ ಬ್ಯಾಟರಿ ತಂತಿಗಳನ್ನೂ ತಿರುಗಿಸಿ ಹಾಕಿದ. ಹಾಡು ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಟ್ರ್ಯಾಕ್ಟರು ಒಂದೇ ಒತ್ತಿಗೆ ಗುಡುಗಿತು. ಗುಡ್ಡದ ಮೇಲಿನ ಸ್ಮಶಾನದಲ್ಲಿ ಪಾದ್ರಿ, "ಕಾಲ ಬದಲಾದರೂ ಬದಲಾಗದ ಮನುಷ್ಯ" ಎಂದಾಗ ಹಿರಿಯರು ತಮ್ಮ ತಮ್ಮ ಟೋಪಿಯ ಅಂಚನ್ನು ಶ್ರದ್ಧೆಯಿಂದ ಪರೀಕ್ಷಿಸಿಕೊಂಡರು.

ಮಣ್ಣು ಮುಗಿಸಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಡ್ವೈಟ್ ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಬಂದ. ಅವನ ಬೆರಳ ಗೆಣ್ಣುಗಳು ಹ್ಯಾಂಡಲ್ ಹೊಡೆದು ಹೊಡೆದು ಸುಲಿದಿದ್ದವು.

"ಲವೋನ್, ಓರ್ವಲ್ ಪಾಯಿಂಟಿನ ಸಂದಿ ಎಷ್ಟು ಇಡ್ತಿದ್ರು? ನನ್ನದು ಎಷ್ಟು ಉಜ್ಜಿದ್ರೂ ಕಿಡಿ ಕೊಡಲ್ಲ. ನನ್ನಲ್ಲೇ ಏನೋ ಕೊರತೆ."

ಇಡೀ ಸಂಘದಲ್ಲಿ ಧರ್ಮದಲ್ಲಿ ಉಳಿದಿದ್ದವನು ಅವನೊಬ್ಬನೇ. ಸುಲಿದ ಗೆಣ್ಣುಗಳನ್ನು ನೋಡುತ್ತ ಅವಳಿಗೆ ತಡೆಯಲಾಗಲಿಲ್ಲ. ಮಾತುಗಳನ್ನು ಒಂದೊಂದಾಗಿ ಆರಿಸಿ ಹೇಳಿದಳು: "ಡ್ವೈಟ್, ಓರ್ವಲ್ ಹತ್ರ ಪಾಯಿಂಟೇ ಇರ್ಲಿಲ್ಲ. ಒಳಗಿದ್ದಿದ್ದು ಎಲೆಕ್ಟ್ರಾನಿಕ್ ಬಿಲ್ಲೆ. ಹನ್ನೆರಡು ವೋಲ್ಟು. ನೀವೂ ಹಾಕಿಸ್ಕೊಳ್ಳಿ."

ಎದುರಿಗಿದ್ದ ಮರ್ಲ್ ಕಾಫಿಯನ್ನು ನುಂಗುವುದೋ ಉಗುಳುವುದೋ ತಿಳಿಯದೆ ಬಾಯಲ್ಲೇ ಇಟ್ಟುಕೊಂಡ.

ಡ್ವೈಟ್ ಅವಳ ಕೈ ತಟ್ಟಿದ, ಹಲ್ಲು ಕೀಳಿಸಿಕೊಂಡವರ ಕೈ ತಟ್ಟುವ ಹಾಗೆ. "ದುಃಖ ಹಾಗೇ. ಅಪ್ಪ ತೀರಿಕೊಂಡ ವಾರ ನಮ್ಮಮ್ಮನೂ ಹೀಗೇ, 'ನಿಮ್ಮಪ್ಪ ಜೀವಮಾನವಿಡೀ ಗುಟ್ಟಾಗಿ ಆ ಎದುರು ಪಾರ್ಟಿಗೇ ಓಟು ಹಾಕಿದ್ದ' ಅಂದುಬಿಟ್ರು. ನಾವು ಯಾರೂ ಮನಸ್ಸಿಗೆ ಹಚ್ಕೊಳ್ಳಲಿಲ್ಲ." ಅವನು ಎದ್ದು ನಿಂತು ಚಮಚದಿಂದ ಲೋಟ ಬಡಿದ. ಇನ್ನು ಮೇಲೆ ಪ್ರತಿ ವರ್ಷ ಅಪ್ಪಟ ಮೂಲ ಸ್ಥಿತಿಯ ಟ್ರ್ಯಾಕ್ಟರಿಗೆ ಓರ್ವಲ್ ಹೆಸರಲ್ಲಿ ಬಹುಮಾನದ ಕಪ್ಪು ಕೊಡಬೇಕು, ಮುಚ್ಚಳ ಬಿಚ್ಚಿ ನೋಡಿಯೇ ತೀರ್ಪು ಕೊಡಬೇಕು ಎಂದು ಸೂಚಿಸಿದ.

ಮೊದಲನೆಯದನ್ನು ಸಭೆ ಒಮ್ಮತದಿಂದ ಒಪ್ಪಿತು. ಎರಡನೆಯದರ ಬಗ್ಗೆ ಮರ್ಲ್ ಎದ್ದು, "ಸದಸ್ಯರ ಮೇಲೆ ನಂಬಿಕೆ ಇಲ್ಲ ಅಂದ್ರೆ ಸಂಘ ಯಾಕೆ ಬೇಕು ಡಾಕ್ಟ್ರೇ?" ಎಂದ. ಮರ್ಲ್‌ನ ಈ ಮಾತನ್ನೂ ಸಭೆ ಒಮ್ಮತದಿಂದ ಒಪ್ಪಿತು.

ಹೊರಗೆ ಮರ್ಲ್ ಟ್ರ್ಯಾಕ್ಟರನ್ನು ಮನೆಗೆ ಬಿಟ್ಟುಬರಲು ಮುಂದಾದರೆ ಲವೋನ್ ತಾನೇ ಏರಿದಳು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ, ಹೇಳಿದರೂ ನಂಬುವವರಿರಲಿಲ್ಲ. ಅವಳು ಸೆಲ್ಫ್ ಒತ್ತಿದಳು. ಹುಡುಗಿ ದಡದಡನೆ ಮೆಟ್ಟಿಲು ಇಳಿದಳು. ಡ್ವೈಟ್ ಟೋಪಿ ತೆಗೆದು ಎದೆಗೆ ಹಿಡಿದ.

"ಕೇಳಿ," ಎಂದ ಪಕ್ಕದವನಿಗೆ. "ಆರು ವೋಲ್ಟು ಅಂದ್ರೆ ಇದು."