ಮೊಟ್ಟೆ ಇಡುವ ಗುಳಿ

ಮುಂಗೈಗೆ ತಣ್ಣನೆ ಗಾಳಿ ತಾಗಿತು, ಲ್ಯಾಬಿನ ಫ್ರಿಜ್ಜಿನ ಬಾಗಿಲು ಇವಳೇ ತೆಗೆದದ್ದು, ಯಾಕೆ ತೆಗೆದದ್ದು, ಹಾಂ, ದ್ರಾವಣದ ಬಾಟಲಿಗೆ, ಬಾಗಿಲ ತುಂಬ ಮೊಟ್ಟೆ ಇಡುವ ಗುಳಿಗಳು, ಲ್ಯಾಬಿನಲ್ಲಿ ಯಾವ ಪುಣ್ಯಾತ್ಮ ಮೊಟ್ಟೆ ಇಡುತ್ತಾನೆ — ಬೆನ್ನ ಹಿಂದೆ ತರಬೇತಿಗೆ ಬಂದ ಮೂವರು ನೋಟ್‌ಬುಕ್ ಬಿಚ್ಚಿಕೊಂಡು ನಿಂತಿದ್ದಾರೆ, ಇವಳ ಬಾಯಿ ತನ್ನ ಪಾಡಿಗೆ ತಾನು ಪಾಠ ಒಪ್ಪಿಸುತ್ತಿದೆ, ಇಪ್ಪತ್ತು ವರ್ಷದ ಪಾಠ, ನೋಡಿ, ಕೆಂಪು ರಕ್ತಕಣದ ಪೊರೆಯಲ್ಲಿ ಸಣ್ಣ ಸಣ್ಣ ಪಂಪ್ ಇರುತ್ವೆ, ಸೋಡಿಯಂನ ಹೊರಗೆ ತಳ್ಳುತ್ವೆ, ಪೊಟ್ಯಾಶಿಯಂನ ಒಳಗೆ ಎಳ್ಕೊಳ್ತವೆ, ಡಿಗಾಕ್ಸಿನ್ ಅಂತ ಹೃದಯದ ಮಾತ್ರೆ ಇದ್ಯಲ್ಲ, ಅದು ಹೋಗಿ ಆ ಪಂಪನ್ನೇ ಹಿಡ್ಕೊಳ್ಳುತ್ತೆ, ಹೆಚ್ಚಾದ್ರೆ ಪಂಪ್ ನಿಂತು ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತೆ — ಅಪ್ಪ ನುಂಗುತ್ತಿದ್ದದ್ದೂ ಅದನ್ನೇ, ಇಷ್ಟು ಪುಟಾಣಿ ಏನು ಕಡಿದು ಗುಡ್ಡೆ ಹಾಕುತ್ತಮ್ಮ ಎಂದು ನಗುತ್ತಿದ್ದ, ಈಗ ನಗುವುದಕ್ಕೂ ಉಸಿರಿಲ್ಲ, ಮಾತ್ರೆ ನಿಲ್ಲಿಸಿ ಆರು ದಿನ, ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ, ಬೆಳಗ್ಗೆ ದಿಂಬಿಗೆ ಒರಗಿ ಕೂತೇ ಇದ್ದ, ಮಲಗಿದ್ರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ ಕಣೇ. ನಿಲ್ಲಿಸಿದವರು ಡಾಕ್ಟರು, ಐದರೊಳಗಿರಬೇಕಾದ ಪೊಟ್ಯಾಶಿಯಂ ಆರೂವರೆ ಬಂದಿದೆಯಲ್ಲಮ್ಮ, ಮಾತ್ರೆ ಮೈಗೆ ಹೆಚ್ಚಾಗಿದೆ, ಸದ್ಯಕ್ಕೆ ಬೇಡ, ಇವಳು ತಲೆಯಾಡಿಸಿದ್ದಳು, ಅಂಕಿ ಇವಳ ಮಷೀನಿನದೇ, ಅನುಮಾನ ಎಲ್ಲಿಂದ ಬರಬೇಕು.

ಮೂವರಲ್ಲಿ ಒಬ್ಬಳು ಕೇಳುತ್ತಾಳೆ, ಮೇಡಂ, ಮಾತ್ರೆ ತಗೊಳ್ದೆ ಇದ್ರೂ ಪಂಪ್ ನಿಲ್ಲುತ್ತಾ, ನಿಲ್ಲುತ್ತೆ, ಚಳಿಗೂ ನಿಲ್ಲುತ್ತೆ, ಒಳಗಿದ್ದ ಪೊಟ್ಯಾಶಿಯಂ ಹೊರಗೆ ಸೋರಿ ಅಂಕಿ ಸುಮ್‌ಸುಮ್ನೆ ಏರುತ್ತೆ, ಅದಕ್ಕೇ ಕಣದಿಂದ ಸೀರಂ, ಆ ತಿಳಿನೀರು, ಬೇರೆ ಮಾಡದ ರಕ್ತಾನ ಯಾವತ್ತೂ ಫ್ರಿಜ್ಜಲ್ಲಿ — ಕಣ್ಣು ಬಾಗಿಲ ಗುಳಿಗಳಿಗೆ ಹೋಯಿತು. ಅವತ್ತು ಭಾನುವಾರ, ಲ್ಯಾಬಿಗೆ ರಜೆ, ಬೇರೆಯವರು ಚುಚ್ಚೋದು ಬೇಡ, ರಕ್ತ ನೀನೇ ತೆಗಿ ಎಂದು ಅಪ್ಪ ಮನೆಯಲ್ಲೇ ತೋಳು ಚಾಚಿದ್ದ, ಊರವರ ರಕ್ತಕ್ಕೆಲ್ಲ ನಿಯಮ ತಪ್ಪದವಳು, ಅಪ್ಪನದಲ್ಲವೇ ಎಂದು ಅಕ್ಕರೆ ಉಕ್ಕಿ, ಕೆಡಬಾರದೆಂದು, ಟ್ಯೂಬನ್ನು ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಎರಡು ಮೊಟ್ಟೆಗಳ ನಡುವಿನ ಗುಳಿಯಲ್ಲಿ, ಸೋಮವಾರ ಬೆಳಗಿನವರೆಗೆ. ಅಯ್ಯೋ, ಮಾತ್ರೆ ಏನೂ ಮಾಡಿರಲಿಲ್ಲ, ಮಾಡಿದವಳು ಇವಳು. ಫೋನು ಕೈಯಲ್ಲಿದೆ, ಯಾವಾಗ ತೆಗೆದಳೋ, ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾದರೆ ಆಗಲಿ, ಇವರು ಮೂವರೂ ಕೇಳಿಸಿಕೊಳ್ಳಲಿ, ಹೇಳಮ್ಮ ಎನ್ನುತ್ತಿದ್ದಾರೆ ಡಾಕ್ಟರು, ಸಾರ್, ಅಪ್ಪನ ಅಂಕಿ ಸುಳ್ಳು, ತಪ್ಪು ನಂದು, ಮಾತ್ರೆ ಶುರು ಮಾಡ್ಲಾ, ಆ ಟ್ಯೂಬನ್ನ ನಾನು — ಕಣ್ಣ ಮುಂದೆ ಮನೆಯ ಫ್ರಿಜ್ಜು, ಅತ್ತ ಒಂದು ಬಿಳಿ ಮೊಟ್ಟೆ, ಇತ್ತ ಒಂದು, ನಡುವೆ ಕೆಂಪು ಟ್ಯೂಬು, ಬೇರೆಯವರಿಗಾದರೆ ನಂಬರು ಬರೆಯುವ ಜಾಗದಲ್ಲಿ ಇವಳದೇ ದುಂಡನೆಯ ಅಕ್ಷರ, ಅಪ್ಪ.