ಗುಳಿಗಿ ಕೊಟ್ಟ ಬೆಳಕು

ಮುಂಬಯಿ ಜೋಗೇಶ್ವರಿಯ ಚಾಳಿನಲ್ಲಿ ಮನುಷ್ಯನಿಗೆ ನಾಲ್ಕು ಮಂದಿಯಲ್ಲಿ ಬೆಲೆ ಬರಬೇಕಾದರೆ ಎರಡೇ ದಾರಿ ನೋಡ್ರಿ. ಒಂದೋ ಬಿಲ್ಡರನ ಜೊತೆ ಜಗಳ ಕಾಯಬೇಕು, ಇಲ್ಲವೇ ಒಳ್ಳೆಯದೊಂದು ರೋಗ ತರಿಸಿಕೊಳ್ಳಬೇಕು. ಅಮೀರಸಾಬನಿಗೆ ಜಗಳದ ತಾಕತ್ತು ಹುಟ್ಟಿನಿಂದಲೇ ಇರಲಿಲ್ಲ. ಅದನ್ನಷ್ಟೂ ದೇವರು ಅವನ ಹೆಂಡತಿ ನಜಮುನ್ನೀಸಾಗೆ ಕೊಟ್ಟು ಮುಗಿಸಿದ್ದ. ಹಂಗಾಗಿ ಇವನ ಪಾಲಿಗೆ ರೋಗ ಬಂತು.

ರೋಗವಾದರೂ ಎಂಥದ್ದು ಅಂತೀರಿ? ಸುಮ್ಮನೆ ಕೂತಲ್ಲಿ ಎದೆ ಹೊಡೆದುಕೊಳ್ಳುವುದು. ಮನುಷ್ಯ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರೂ ಒಳಗೆ ಮಾತ್ರ ಯಾರೋ ಹೊರಟ ಲೋಕಲ್ ಹಿಡಿಯಲು ಓಡುತ್ತಿದ್ದರು. ಶಾಲೆಯ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಅವನು ಕಟಿಂಗ್ ಮಾಸ್ತರ. ಹಾಳೆ ಹಾಳೆಯಾಗಿ ಬಟ್ಟೆ ಹಾಸಿ ಕತ್ತರಿ ಆಡಿಸುವ ಕೆಲಸಕ್ಕೆ ಗಟ್ಟಿ ಕೈ ಬೇಕು, ತಣ್ಣಗಿನ ಎದೆ ಬೇಕು. ಮಗಳು ಗುಲಾಫಶಾ ಅವನನ್ನು ದಾದರಿಗೆ ಕರೆದುಕೊಂಡು ಹೋದಳು. ಮುಂಬಯಿಯಲ್ಲಿ ಡಾಕ್ಟರುಗಳಿಗೇನು ಬರಗಾಲವೇ? ಆದರೆ ತಾಳಿಕೋಟಿಯಲ್ಲಿ ಹುಟ್ಟಿದ ಎದೆಯನ್ನು ಕನ್ನಡ ಬಲ್ಲವನಿಗೇ ತೋರಿಸಬೇಕು ಅಂತ ನಜಮುನ್ನೀಸಾಳ ಹುಕುಂ. ಅವರ ಮನೆಯಲ್ಲಿ ಪ್ರೀತಿಗೆ ದಖನಿ ಉರ್ದು, ಜಗಳಕ್ಕೂ ರೋಗಕ್ಕೂ ಕನ್ನಡ. ಹಿಂಗಾಗಿ ಡಾಕ್ಟರ್ ಅಣವೀರಪ್ಪ ಸಿಕ್ಕರು.

ಅಣವೀರಪ್ಪ ಮೊದಲು ಒಂದು ಬಿಳಿ ಗುಳಿಗಿ ಕೊಟ್ಟರು. ಎದೆಯ ಓಟ ನಿಂತಿತು. ಎದೆಯ ಜೊತೆಗೆ ಉಳಿದದ್ದೂ ನಿಂತಿತು. ಮೇ ತಿಂಗಳ ಉರಿ ಸೆಕೆಯಲ್ಲಿ ಇಡೀ ಜೋಗೇಶ್ವರಿ ಬೆವರಿ ನೀರಾಗುತ್ತಿದ್ದರೆ ಅಮೀರಸಾಬನ ಬೆರಳು ಮಾತ್ರ ಮಂಜುಗಡ್ಡೆ. ಹೆಂಡತಿ ಒಂದು ಮಾತು ಹೇಳಿದರೆ ಅದು ಅವನ ತಲೆಗೆ ಹೋಗಿ ಮುಟ್ಟುವಷ್ಟರಲ್ಲಿ ಅವಳು ಮೂರನೆಯ ಸಲ ಬೈದಾಗಿರುತ್ತಿತ್ತು. ಬಟ್ಟೆಯ ರಾಶಿಯ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ, ನಿದ್ದೆಯಲ್ಲಿ ಕೆಟ್ಟ ಕೆಟ್ಟ ಕನಸು. ಕಡೆಗೊಂದು ದಿನ ತೂಕಡಿಸುತ್ತಲೇ ಅಂಗಿಯ ತೋಳುಗಳನ್ನೆಲ್ಲ ಎಡಗೈಗೇ ಕತ್ತರಿಸಿಟ್ಟ. ಆ ಶಾಲೆಯ ಮಕ್ಕಳಿಗೆ ಬಲಗೈ ಇರಬಾರದು ಅಂತ ನಿಮ್ಮ ಗುಳಿಗಿ ತೀರ್ಮಾನ ಮಾಡಿತೇನು ಅಂತ ಕಾರ್ಖಾನೆಯ ಶೇಟ್ ಕೇಳಿದರು.

ಮತ್ತೆ ದಾದರ್. ಈ ಸಲ ಹಳದಿ ಗುಳಿಗಿ. ಅದನ್ನು ನುಂಗಿದ ಮೇಲೆ ತೂಕಡಿಕೆಯಿಲ್ಲ, ಚಳಿಯಿಲ್ಲ, ಬೆರಳು ಬೆಚ್ಚಗಾದವು. ಆದರೆ ಹೊಟ್ಟೆ ಬಾಗಿಲು ಹಾಕಿಕೊಂಡಿತು. ಮನೆಯೊಳಗೆ ಸಂಡಾಸವಿರುವ ಮಂದಿಗೆ ಇದರ ಕಷ್ಟ ತಿಳಿಯಲಿಕ್ಕಿಲ್ಲ. ಚಾಳಿನಲ್ಲಿ ಬೆಳಗಿನ ಪಾಳಿಯೆಂದರೆ ಕೈಯಲ್ಲಿ ಡಬ್ಬಿ, ಹಿಂದೆ ಮುಂದೆ ನೆರೆಯವರು, ಎಲ್ಲರಿಗೂ ಡ್ಯೂಟಿಯ ಅವಸರ. ಒಳಗೆ ಹೋದ ಅಮೀರಸಾಬ ಹೊರಗೆ ಬರುವ ಮಾತೇ ಇಲ್ಲ. ಮೊದಲು ಬಾಗಿಲು ಬಡಿದರು, ಆಮೇಲೆ ವಿಚಾರಿಸಿದರು, ಆಮೇಲೆ ಸಲಹೆ ಕೊಟ್ಟರು. ಇಸಬಗೋಲು ತಗೋರಿ ಅಂದವರೆಷ್ಟೋ, ಹಾಲಿಗೆ ತುಪ್ಪ ಹಾಕಿ ಕುಡೀರಿ ಅಂದವರೆಷ್ಟೋ. ತನ್ನ ಹೊಟ್ಟೆಯ ಸುದ್ದಿ ಸ್ಟೇಷನ್ನಿನ ತನಕ ಮುಟ್ಟಿದೆ ಅಂತ ಗೊತ್ತಾದ ದಿನ ಅವನಿಗೆ ಅಳು ಬಂತು. ಮರ್ಯಾದಸ್ಥ ಮನುಷ್ಯ, ಪಾಪ.

ಮೂರನೆಯದು ತಿಳಿ ಗುಲಾಬಿ ಗುಳಿಗಿ. ಅದನ್ನು ಬರೆದುಕೊಡುವಾಗ ಅಣವೀರಪ್ಪ ಮಗಳ ಎದುರಿಗೇ ಹೇಳಿದ್ದರು. “ಸಾಬರ, ಇದು ಹೊಟ್ಟಿ ತಂಟೆಕ್ಕ ಹೋಗಂಗಿಲ್ಲ. ಆದ್ರ ಕತ್ತಲದಿಂದ ಬೆಳಕಿಗೆ ಬಂದ ಕೂಡ್ಲೆ ಕಣ್ಣಿಗೆ ಝಗ್ ಅಂದೀತು. ಕೆಲವರಿಗೆ ಮಂದಿ ಸುತ್ತ ಬೆಳಕಿನ ಚಕ್ರ ಇದ್ದಂಗ ಕಾಣ್ತೈತಿ. ಅಂಜಬ್ಯಾಡ್ರಿ. ತ್ರಾಸ ಆದ್ರ ಬರ್ರಿ, ಬದಲಿ ಮಾಡೂಣು.” ಸಂಡಾಸದ ಪಾಳಿಯಿಂದ ಬಿಡುಗಡೆಯಾಗುವುದಾದರೆ ಬೆಳಕೇನು, ಸಿಡಿಲೇ ಕಾಣಲಿ ಅಂದುಕೊಂಡು ಅಮೀರಸಾಬ ತಲೆಯಾಡಿಸಿದ.

ಕಂಡಿತು. ಒಂದು ಬೆಳಿಗ್ಗೆ ಚಾಳಿನ ಕತ್ತಲ ಜಿನೆಯ ಮೆಟ್ಟಿಲು ಇಳಿದು ಅಂಗಳದ ಬಿಸಿಲಿಗೆ ಕಾಲಿಟ್ಟಾಗ ಎದುರಿಗೆ ನೀರು ಹಿಡಿಯುತ್ತಿದ್ದ ಚನ್ನವ್ವ ನಿಂತಿದ್ದಳು. ಮೂಲೆಯ ಖೋಲಿಯ ಮುದುಕಿ, ಮೊಣಕಾಲು ನೋವಿನವಳು. ಅವಳ ತಲೆಯ ಸುತ್ತ ದುಂಡಗೆ ಬೆಳಕು. ಅಮೀರಸಾಬ ಬೆರಗಾಗಿ, “ಚನ್ನವ್ವ, ನಿಮ್ಮ ಮಾರಿ ಸುತ್ತ ಬೆಳಕು ಕಾಣಾಕತ್ತೈತಲ್ಲ,” ಅಂದುಬಿಟ್ಟ. ಮೊಣಕಾಲಿಗೂ ಮಾರಿಗೂ ಏನು ಸಂಬಂಧವೋ, ಅವತ್ತು ಸಂಜೆ ಚನ್ನವ್ವನ ನೋವು ಕಡಿಮೆಯಾಯಿತು. ಮಗ ತಂದುಕೊಟ್ಟ ಹೊಸ ಮುಲಾಮನ್ನು ಅವಳು ಎರಡು ದಿನದಿಂದ ತಿಕ್ಕುತ್ತಿದ್ದಳೆಂಬುದನ್ನು ಅವಳೂ ಮರೆತಳು, ಚಾಳೂ ಮರೆಯಿತು.

ಮುಗೀತು. ಪಾಳಿಯಲ್ಲಿ ಬಾಗಿಲು ಬಡಿಯುತ್ತಿದ್ದ ಮಂದಿಯೇ ಈಗ ಅವನನ್ನು ಕಂಡು ಡಬ್ಬಿ ಕೆಳಗಿಟ್ಟು ಸಲಾಮು ಮಾಡತೊಡಗಿದರು. ಮಾಸ್ತರನಿಗೆ ಮಂದಿಯ ಮಾರಿಯ ಮೇಲಿನ ನೂರ್, ಅಂದರೆ ದೇವರ ಬೆಳಕು, ಕಾಣುತ್ತದಂತೆ. ಕಣ್ಣಿಗೆ ಕಾಣದ ಒಳ್ಳೆಯತನ ಬೆಳಕಾಗಿ ಕಾಣುತ್ತದಂತೆ. ಪರಪ್ಪ ಅನ್ನುವವನು ತನ್ನ ಷಡ್ಡಕನನ್ನು ಕರೆತಂದು, ಇವನನ್ನು ಧಂದೆಯಲ್ಲಿ ಪಾಲುದಾರ ಮಾಡಿಕೊಳ್ಳಲೇ ಬಿಡಲೇ ಒಮ್ಮೆ ನೋಡಿ ಹೇಳ್ರಿ ಅಂದ. ಷಡ್ಡಕ ನಿಂತದ್ದು ಕಿಟಕಿಯಿಲ್ಲದ ಮೂಲೆಯಲ್ಲಿ, ಪಾಪ ಅವನಿಗೆ ಬೆಳಕು ಬರಲಿಲ್ಲ, ಪಾಲೂ ಸಿಗಲಿಲ್ಲ. ಅಮೀರಸಾಬನಿಗೆ ಇದೆಲ್ಲ ಗುಳಿಗಿಯ ಆಟ ಅಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಹುಟ್ಟಿದಾಗಿನಿಂದ ಯಾರೂ ಅವನ ಮಾತಿಗೆ ಕಾದು ನಿಂತವರಲ್ಲ. ಈಗ ಅವನು ಕಣ್ಣು ಕಿರಿದು ಮಾಡಿದರೆ ನಾಲ್ಕು ಮಂದಿ ಉಸಿರು ಬಿಗಿಹಿಡಿಯುತ್ತಿದ್ದರು. ಆ ರುಚಿ ಹತ್ತಿದರೆ ಬಿಡುವುದು ಸುಲಭವಲ್ಲ ಬಿಡ್ರಿ. ನಜಮುನ್ನೀಸಾಳಂತೂ ಅವನ ಪಕ್ಕದಲ್ಲಿ ಗೋಡೆಗೊರಗಿ ಕೂತು, ಬಂದವರಿಗೆ ಯಾವ ಕಡೆ ನಿಲ್ಲಬೇಕೆಂದು ಹೇಳಿಕೊಡುವಷ್ಟು ತಯಾರಾಗಿದ್ದಳು.

ಇಷ್ಟಕ್ಕೇ ನಿಂತಿದ್ದರೆ ನಗೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ತನ್ವೀರ ಬಂದ.

ತನ್ವೀರ ನಜಮುನ್ನೀಸಾಳ ತಂಗಿಯ ಮಗ, ಕಲ್ಯಾಣದಲ್ಲಿ ಮೊಬೈಲ್ ಅಂಗಡಿ. ಗುಲಾಫಶಾಳನ್ನು ಹೆಣ್ಣು ಕೇಳಲು ತಾಯಿಯ ಜೊತೆ ಬಂದಿದ್ದ. ಮಟಮಟ ಮಧ್ಯಾಹ್ನ, ಹಿಂದೆ ಝಳಝಳ ಬಿಸಿಲು, ಬಾಗಿಲ ನಡುವೆ ಬಂದು ನಿಂತ. ಒಳಗಿನ ಕತ್ತಲಲ್ಲಿ ಮಲಗಿದ್ದ ಅಮೀರಸಾಬ ಕಣ್ಣು ತೆರೆದರೆ ಬಾಗಿಲ ತುಂಬ ಬೆಳಕೇ ಬೆಳಕು. “ಯಾ ಅಲ್ಲಾ, ಎಷ್ಟು ಬೆಳಕು,” ಅಂತ ನಿದ್ದೆಗಣ್ಣಲ್ಲೇ ಬಾಯಿಂದ ಬಂತು. ನಜಮುನ್ನೀಸಾಗೆ ಅಷ್ಟು ಸಾಕಾಯಿತು. ಅಕ್ಕತಂಗಿಯರಿಬ್ಬರೂ ತಬ್ಬಿಕೊಂಡು ಅತ್ತರು. ಬೆಳಕಿನ ಹುಡುಗ ಮೊಬೈಲಿನಿಂದ ತಲೆಯೆತ್ತದೆ, “ನಿಕಾಹ್ ಆದಮೇಲೆ ನೌಕರಿ ಛೋಡ್ನಾ ಪಡೇಗಾ, ಬಿಡಬೇಕು ಹಾಂ,” ಅಂದ.

ಗುಲಾಫಶಾ ಮುಲುಂಡಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ದಿನಾ ದಾದರಿನಲ್ಲಿ ಗಾಡಿ ಬದಲಿಸಿ, ಮಂದಿಯ ನಡುವೆ ಜಜ್ಜಿಹೋಗಿ, ಆದರೂ ನಗುತ್ತಲೇ ಹೋಗಿಬರುವ ಹುಡುಗಿ. ಆ ನಗುವಿಗೆ ಕಾರಣ ವಸೀಮ ಅಂತ ಒಬ್ಬನಿದ್ದ. ಅವಳ ಆಫೀಸಿನ ಬಿಲ್ಡಿಂಗಿಗೆ ಲಿಫ್ಟ್ ರಿಪೇರಿಗೆ ಬರುವ ಮೆಕ್ಯಾನಿಕ್, ಹುಬ್ಬಳ್ಳಿ ಕಡೆಯ ಹುಡುಗ. ಆ ಲಿಫ್ಟು ಕೆಟ್ಟದ್ದೆಷ್ಟು ಸಲ, ಕೆಡಿಸಿದ್ದೆಷ್ಟು ಸಲ ಅನ್ನುವುದು ನಮಗೆ ಬೇಡ. ಅವತ್ತು ಸಂಜೆ ಅವಳು ಅಪ್ಪನ ಪಕ್ಕ ಕೂತು ಮೆಲ್ಲಗೆ ಹೇಳಿದಳು.

“ಅಬ್ಬಾ, ಡಾಕ್ಟರ್ ಹೇಳಿದ್ದು ನಾನೂ ಕೇಳೀನಿ. ವೋ ಗುಳಿಗಿ ಕಾ ಬೆಳಕು. ತನ್ವೀರಂದಲ್ಲ. ಅಮ್ಮಿಗೆ ನೀವೇ ಖರೇ ಹೇಳ್ರಿ. ನಾ ಹೇಳಿದ್ರ ಕೇಳಂಗಿಲ್ಲ.”

“ಹೇಳ್ತೀನವ್ವ,” ಅಂದ ಅಮೀರಸಾಬ.

ಹೇಳಲಿಲ್ಲ. ಇವತ್ತು ಹೇಳಿದರೆ ನಾಳೆ ಬೆಳಿಗ್ಗೆ ಪಾಳಿಯಲ್ಲಿ ಮತ್ತೆ ಡಬ್ಬಿ ಹಿಡಿದ ಅಮೀರಸಾಬನೇ. ನಾಳೆ ಹೇಳೋಣ, ಶುಕ್ರವಾರ ಹೇಳೋಣ ಅಂತ ಮುಂದೂಡಿದ. ಅಷ್ಟರೊಳಗೆ ಕಲ್ಯಾಣದಿಂದ ಮಿಠಾಯಿ ಬಂತು, ನಿಕಾಹಿನ ದಿನ ನೋಡುವ ಮಾತು ಬಂತು. ಮಗಳು ಮಾತು ಬಿಟ್ಟಳು. ಅಪ್ಪನ ತಟ್ಟೆಗೆ ರೊಟ್ಟಿ ಹಾಕುವಾಗಲೂ ಅವಳ ಕಣ್ಣು ಗೋಡೆಯ ಕಡೆಗೆ. ಅಮೀರಸಾಬ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಇದು ಯಾವ ಗುಳಿಗಿಯ ಕೆಲಸವೂ ಅಲ್ಲ ಅಂತ ಅವನಿಗೇ ತಿಳಿಯಿತು, ತನ್ನ ಮೇಲೆ ತನಗೇ ಹೇಸಿಗೆ ಬಂತು.

ಯಾರಿಗೂ ಹೇಳದೆ ಒಬ್ಬನೇ ದಾದರಿಗೆ ಹೋದ. ಅಣವೀರಪ್ಪ ಗುಲಾಬಿ ಗುಳಿಗಿ ನಿಲ್ಲಿಸಿ, ಮೊದಲಿನ ಬಿಳಿಯದನ್ನೇ ಅರ್ಧ ಮಾಡಿ ಕೊಟ್ಟರು. ಸ್ವಲ್ಪ ಚಳಿ, ಸ್ವಲ್ಪ ತೂಕಡಿಕೆ, ಅಷ್ಟೇ. ಬೆಳಕು ದಿನದಿಂದ ದಿನಕ್ಕೆ ಮಾಸಿ, ಕಡೆಗೆ ಚಾಳಿನ ಮಂದಿಯೆಲ್ಲ ಮೊದಲಿನ ಹಾಗೆ ಕಂದಿದ ಮುಖದ ಮಂದಿಯಾಗಿ ಕಂಡರು. ಅವತ್ತು ಧೈರ್ಯ ಮಾಡಿ ಹೆಂಡತಿಯ ಎದುರು ಕೂತ. ಚನ್ನವ್ವನೂ ಅಲ್ಲೇ ಇದ್ದಳು.

“ನೋಡು, ನನಗ ಯಾವ ನೂರ್ ಬೆಳಕೂ ಕಾಣಂಗಿಲ್ಲ. ಅದೆಲ್ಲ ಗುಳಿಗಿ ಕೆಲಸ. ಡಾಕ್ಟರ್ ಮೊದಲ ಹೇಳಿದ್ರು. ತನ್ವೀರನ ಹಿಂದ ಇದ್ದದ್ದು ಬಿಸಿಲು.”

ನಜಮುನ್ನೀಸಾ ಅವನನ್ನು ನೋಡಿದಳು. ಮದುವೆಯಾದಾಗಿನಿಂದ ಅವಳು ಅಷ್ಟು ಭಕ್ತಿಯಿಂದ ಗಂಡನನ್ನು ನೋಡಿದ್ದಿಲ್ಲ. ಆಮೇಲೆ ಚನ್ನವ್ವನ ಕಡೆ ತಿರುಗಿ, “ಕೇಳಿದ್ರೇನ? ತಮ್ಮ ಬಾಯಿಲೆ ತಾವು ಒಪ್ಪಂಗಿಲ್ಲ,” ಅಂದಳು.

“ಖರೇ ದೊಡ್ಡವರು ಹಿಂಗ ಇರ್ತಾರ ಬಿಡವ್ವ,” ಅಂದಳು ಚನ್ನವ್ವ. “ನಾ ದೊಡ್ಡಾಂವ ಅಂತ ಹೇಳ್ಕೊಳ್ಳೂ ಮಂದಿನ ನಂಬಬಾರದು.”

“ಏ, ನಾ ಖರೇ ಹೇಳಾಕತ್ತೀನಿ.”

“ಆತು ಆತು, ನೀವು ಆರಾಮ ಮಾಡ್ರಿ,” ಅಂತ ನಜಮುನ್ನೀಸಾ ಅವನ ಬೆನ್ನಿಗೆ ದಿಂಬು ಕೊಟ್ಟಳು. ಮಾರನೆಯ ದಿನದಿಂದ ಬರುವ ಮಂದಿ ಇನ್ನೂ ಹೆಚ್ಚಾದರು. ಮಾಸ್ತರ ತಾನು ಏನೂ ಅಲ್ಲ ಅಂತ ಹೇಳುತ್ತಾನಂತೆ ಅನ್ನುವುದೇ ಅವನ ದೊಡ್ಡ ಗುಣವಾಯಿತು. ಸುಳ್ಳಿನಲ್ಲಿ ಕೂತಿದ್ದಾಗ ಸುಳ್ಳು ನಡೆಯಿತು, ಖರೇ ಹೇಳಲು ಹೋದರೆ ಖರೇ ನಡೆಯಲಿಲ್ಲ. ಮಗಳ ಹತ್ತಿರ ಹೋಗಿ, ನಾ ಹೇಳಿದೆ ಆದರೆ ನಿನ್ನ ತಾಯಿ ನಂಬಲಿಲ್ಲ ಅನ್ನಲು ಅವನಿಗೆ ಮುಖವಿರಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಅವಳು ಕೇಳಿದರೆ ಏನು ಹೇಳುವುದು?

ಅಪ್ಪನ ಮೇಲಿನ ಆಸೆ ಬಿಟ್ಟ ಗುಲಾಫಶಾ ತನ್ನ ದಾರಿ ತಾನು ಹುಡುಕಿಕೊಂಡಳು. ತಾಯಿಗೆ ಹೇಳಿದಳು, “ಅಮ್ಮಿ, ಇನ್ನೊಬ್ಬ ಹುಡುಗನ ರಿಶ್ತಾ ಬಂದೈತಿ. ಅಬ್ಬಾ ಒಮ್ಮೆ ನೋಡ್ಲಿ. ತನ್ವೀರಗಿಂತ ಕಡಿಮಿ ಬೆಳಕು ಅಂದ್ರ ಕಲ್ಯಾಣಕ್ಕ ಹೋಗ್ತೀನಿ, ನೌಕರಿನೂ ಬಿಡ್ತೀನಿ. ಮತ್ತ ಎದುರು ಮಾತಾಡಂಗಿಲ್ಲ.” ನಜಮುನ್ನೀಸಾಗೆ ಇದಕ್ಕಿಂತ ಅಗ್ಗದ ಸೌದಾ ಬೇಕೇ? ಬೇಡ ಅಂದರೆ ಗಂಡನ ಕಣ್ಣಿನ ಮೇಲೆ ತನಗೇ ಭರವಸೆಯಿಲ್ಲ ಅಂದಂತಾಗುತ್ತದೆ. “ಬರ್ಲಿ,” ಅಂದಳು.

ವಸೀಮ ಒಬ್ಬ ಚಾಚಿಯನ್ನು ಕರೆದುಕೊಂಡು ಒಂದು ಸಂಜೆ ಬಂದ. ಇಸ್ತ್ರಿಯ ಅಂಗಿ, ಎಷ್ಟು ತಿಕ್ಕಿದರೂ ಹೋಗದ ಗ್ರೀಸಿನ ಉಗುರು. ಚಾಚಿ ಒಳಗೆ ಬಂದು ಕೂತಳು. ಅವನು ಹೊಸ್ತಿಲು ದಾಟುವಷ್ಟರಲ್ಲಿ ಮನೆಯ ದೀಪ ಆರಿತು. ಖೋಲಿಯ ತುಂಬ ಕತ್ತಲೆ. ಕರೆಂಟ್ ಹೋತೇನು ಅಂತ ನಜಮುನ್ನೀಸಾ ಬೈಯುತ್ತಿರುವಾಗಲೇ ವಸೀಮ ತಡವರಿಸುತ್ತ ಅಮೀರಸಾಬನ ಎದುರಿಗೆ ಕೂತ. ಆಗ ಫಕ್ಕನೆ ದೀಪ ಹತ್ತಿತು.

“ಕೈ ತಾಗಿತು ಅಮ್ಮಿ,” ಅಂದಳು ಗುಲಾಫಶಾ, ಸ್ವಿಚ್ ಬೋರ್ಡಿನ ಪಕ್ಕದಿಂದ.

ಅಮೀರಸಾಬ ನೋಡಿದ. ಎದುರಿಗೆ ಒಬ್ಬ ಹುಡುಗ. ಬೆವರುತ್ತಿದ್ದ, ಉಗುಳು ನುಂಗುತ್ತಿದ್ದ, ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಯನ್ನು ಮುಚ್ಚಿಕೊಳ್ಳುತ್ತಿದ್ದ. ಅವನ ಸುತ್ತ ಬೆಳಕಿಲ್ಲ, ಗಿಳಕಿಲ್ಲ. ಹಿಂದಿನ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು, ಅದೂ ಸ್ಪಷ್ಟವಾಗಿ ಕಂಡಿತು. ಆಮೇಲೆ ಅವನು ಮಗಳ ಕಡೆ ನೋಡಿದ. ಅವಳ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಚಿಕ್ಕಂದಿನಿಂದ ಒಂದು ಸುಳ್ಳು ಹೇಳಿದರೆ ಕೆನ್ನೆ ಕೆಂಪಾಗುವ ಹುಡುಗಿ, ಅಪ್ಪನ ರೋಗವನ್ನು ಹಿಡಿದು ಅಪ್ಪನನ್ನೇ ಆಡಿಸಲು ನಿಂತಿದ್ದಳು. ಹಂಗೆ ನಿಲ್ಲಿಸಿದವನು ತಾನೇ ಅಂತ ಅಮೀರಸಾಬನಿಗೆ ಅನಿಸಿತು.

“ಏನ್ರೀ, ಕಾಣ್ತೇನು?” ಅಂದಳು ನಜಮುನ್ನೀಸಾ.

ಬಾಗಿಲಲ್ಲಿ ಚನ್ನವ್ವ, ಅವಳ ಹಿಂದೆ ಅರ್ಧ ಚಾಳು. ಎಲ್ಲರ ಉಸಿರೂ ನಿಂತಿತ್ತು. ಅಮೀರಸಾಬ ಕಣ್ಣು ಕಿರಿದು ಮಾಡಿದ, ಆಮೇಲೆ ಅಗಲ ಮಾಡಿದ, ಆಮೇಲೆ ಅಂಗೈ ಅಡ್ಡ ಹಿಡಿದ. ಇಷ್ಟು ದಿನ ಗುಳಿಗಿ ಮಾಡಿದ ಕೆಲಸವನ್ನು ಈಗ ಅವನೇ ಮಾಡಬೇಕಾಗಿತ್ತು, ಅದರ ಅಭ್ಯಾಸ ಅವನಿಗಿರಲಿಲ್ಲ.

“ಕಾಣ್ತು,” ಅಂದ. “ಕಣ್ಣು ತಡಿಯಂಗಿಲ್ಲ.”

“ತನ್ವೀರಗಿಂತ?”

“ತನ್ವೀರಂದು ಇದರ ಮುಂದ ಏನೂ ಅಲ್ಲ ತಗಿ.”

ಖರೇ ಹೇಳಿದಾಗ ದಿಂಬು ಕೊಟ್ಟ ಹೆಂಗಸು ಸುಳ್ಳನ್ನು ಒಂದೇ ಏಟಿಗೆ ನಂಬಿದಳು. ಕಲ್ಯಾಣದ ತಂಗಿಗೆ ಏನು ಹೇಳಲಿ ಅಂತ ಗೊಣಗಿದಳು, ಆಮೇಲೆ ಸೆರಗು ತಲೆಗೆ ಎಳೆದುಕೊಂಡು ಚಾಚಿಗೆ ಚಹಾ ಮಾಡಲು ಎದ್ದಳು. ವಸೀಮ ತನ್ನ ಮಾರಿಯನ್ನು ಕರ್ಚೀಫಿನಿಂದ ಒರೆಸಿಕೊಂಡ, ಅಲ್ಲಿ ಏನು ಹತ್ತಿದೆಯೋ ಅಂತ ಅವನಿಗೇ ತಿಳಿಯಲಿಲ್ಲ.

ಮಂದಿ ಹೋದ ಮೇಲೆ ನಜಮುನ್ನೀಸಾ ನೆರೆಯವರಿಗೆ ಸುದ್ದಿ ಹೇಳಲು ಹೊರಗೆ ನಿಂತಳು. ಗುಲಾಫಶಾ ಬಂದು ಅಪ್ಪನ ಕಾಲ ಬಳಿ ಕೂತಳು. ಎಷ್ಟೋ ದಿನದ ಮೇಲೆ ಅವನ ಮುಖ ನೋಡಿದಳು, ನೋಡಿದ್ದೇ ಅಳತೊಡಗಿದಳು.

“ಅಬ್ಬಾ, ಮಾಫ್ ಕರೋ. ನಿಮಗ ಮೋಸ ಮಾಡೀನಿ. ಲೈಟ್ ಬೇಕಂತ ಆರಿಸಿ ಹಚ್ಚಿದೆ. ಆಪ್ಕೊ ಬೆಳಕು ಕಾಣ್ಲಿ ಅಂತ.”

ಅಮೀರಸಾಬ ತನ್ನ ತಣ್ಣಗಿನ ಕೈಯನ್ನು ಅವಳ ತಲೆಯ ಮೇಲಿಟ್ಟ.

“ಆ ಗುಳಿಗಿ ಬಿಟ್ಟು ಭಾಳ ದಿನ ಆತವ್ವ. ನನಗ ಯಾವ ಬೆಳಕೂ ಕಾಣ್ಲಿಲ್ಲ.”

ಅವಳು ಅಳು ನಿಲ್ಲಿಸಿ ತಲೆಯೆತ್ತಿದಳು. “ಮತ್ತ ಕಾಣ್ತು ಅಂದ್ರಿ?”

“ನಿನ್ನ ಕೈ ನಡುಗಾಕತ್ತಿತ್ತು,” ಅಂದ ಅಮೀರಸಾಬ. “ಅದು ಕಾಣ್ತು.”